ಏಳನೇ ಮಣಿ

ಕಾರ್ತಿಕ ಹುಟ್ಟಿ ವಾರವಾಗಿತ್ತು. ಮಳೆ ಹಿಂದೆ ಸರಿದು ಬೆಳಗಿನ ಹೊತ್ತು ಇಬ್ಬನಿ ಬೀಳತೊಡಗಿತ್ತು. ಮರಳೆದೊಡ್ಡಿಯ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಏಳೆಂಟು ಹೆಂಗಸರು ಖಾಲಿ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ಕಾಯುತ್ತ ಕುಳಿತಿದ್ದರು. ಇಬ್ಬನಿ ಆರದೆ ಸೊಪ್ಪು ಕೀಳುವ ಹಾಗಿಲ್ಲ. ಒದ್ದೆ ಸೊಪ್ಪು ತಿಂದ ರೇಷ್ಮೆ ಹುಳ ಉಳಿಯುವುದಿಲ್ಲ.

ತೋಟದ ಆಚೆ ತುದಿಯಲ್ಲಿದ್ದ ತಗಡು ಚಾವಣಿಯ ಉದ್ದನೆಯ ಕಟ್ಟಡವೇ ಚಾಕಿ ಕೇಂದ್ರ. ಸುತ್ತಿನ ಬೆಳೆಗಾರರು ಸೇರಿ ಕಟ್ಟಿಕೊಂಡ ಕಂಪನಿಗೆ ಇಂಥ ಐದು ಕೇಂದ್ರಗಳಿದ್ದವು, ಇದು ದೊಡ್ಡದು. ಮೊಟ್ಟೆ ಒಡೆಸಿ, ಇರುವೆಯಷ್ಟು ಸಣ್ಣ ಮರಿಗಳಿಗೆ ಎಳೆಸೊಪ್ಪನ್ನು ಹೆಚ್ಚಿ ಹಾಕಿ, ಎರಡು ಜ್ವರ ಕಳೆಯುವ ತನಕ ಸಾಕಿ, ಆಮೇಲೆ ರೈತರ ಮನೆಗಳಿಗೆ ಹಂಚುವುದು ಇಲ್ಲಿನ ಕೆಲಸ. ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲುಗದೆ ನಿಂತು ಹಳೆಯ ಚರ್ಮ ಕಳಚುವುದಕ್ಕೆ ಈ ಸೀಮೆಯವರು ಜ್ವರ ಎನ್ನುತ್ತಾರೆ.

"ಗಂಡ ಕಟ್ಟಿದ್ದೊಂದು, ಕಂಪ್ನಿ ಕಟ್ಟಿದ್ದೊಂದು," ಎಂದು ಮರಿದೇವಿ ಕೊರಳಿನ ಎರಡು ದಾರಗಳನ್ನೂ ಬೆರಳಿಗೆ ಸಿಕ್ಕಿಸಿ ಎತ್ತಿ ತೋರಿಸಿದಳು. ಒಂದರಲ್ಲಿ ತಾಳಿ, ಇನ್ನೊಂದರಲ್ಲಿ ಹುಣಸೆ ಬೀಜದಷ್ಟು ದೊಡ್ಡ ಬೂದು ಮಣಿ. "ಗಂಡನ್ದು ಸುಮ್ಕೆ ತೂಗಾಡ್ತದೆ. ಕಂಪ್ನೀದು ನಾನು ಉಸ್ರು ಬುಟ್ರೆ ಎಣಿಸ್ತದೆ."

"ಅಂಗಾರೆ ಯಾವ್ದವ್ವ ಮೇಲು?" ಎಂದಳು ಪಕ್ಕದವಳು.

"ಕಂಪ್ನೀದೇ ಕಣೆ. ನಾನೊಬ್ಳು ಉಸ್ರಾಡ್ತಾ ಇವ್ನಿ ಅಂತ ಅದ್ಕಾರೂ ಗೊತ್ತು."

ಹೆಂಗಸರು ನಕ್ಕರು. ಅವರ ಹಿಂದೆ ನಿಂತು ಸೊಪ್ಪು ಹೊರುವ ಬಿದಿರಿನ ಮಂಕರಿಗೆ ಸಗಣಿ ಬಳಿಯುತ್ತಿದ್ದ ಹೊಂಬಾಳಮ್ಮ, "ಆಡ್ಕಳಿ ಆಡ್ಕಳಿ, ಮೇನೇಜರಪ್ಪ ಅಲ್ಲೇ ಅವ್ರೆ," ಎಂದಳು.

ಕೇಂದ್ರದ ಮ್ಯಾನೇಜರ್ ಅಂಕೇಗೌಡ ಕೇಳಿಸದವನಂತೆ ಸೊಪ್ಪಿನ ಸಾಲು ನೋಡುತ್ತ ನಡೆದ. ನಲವತ್ತಾರು ವಯಸ್ಸು. ರೇಷ್ಮೆ ವಿಷಯದಲ್ಲಿ ಪದವಿ ಓದಿದ್ದ. ಹದಿನಾಲ್ಕು ವರ್ಷದಿಂದ ಇದೇ ಕೇಂದ್ರ ನಡೆಸುತ್ತಿದ್ದ. ಮಣಿಗಳನ್ನು ಹಂಚಿ ಒಂದು ತಿಂಗಳಾಗಿತ್ತು. ಅದರ ಫಲ ಇವತ್ತು ಗೊತ್ತಾಗುವುದಿತ್ತು. ಬೆಳಗಿನಿಂದ ಅವನಿಗೆ ಕಾಫಿ ಕೂಡ ಇಳಿದಿರಲಿಲ್ಲ.

ಕಂಪನಿಯ ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಹೇಳಿದ್ದ ಮಾತಿನಿಂದ ಇದು ಶುರುವಾಗಿತ್ತು. "ಯಜಮಾನಿಕೆ ಅನ್ನೋದು ಮೇಲಿಂದ ಬರೆದುಕೊಡೋ ಕಾಗದ ಅಲ್ಲ. ಕೆಲಸ ಯಾರ ಮೇಲೆ ಆನಿಕೊಂಡಿದೆಯೋ ಅವರೇ ಯಜಮಾನರು. ಅವರು ಯಾರು ಅಂತ ನಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ. ಹುಡುಕೋಣ. ಸಿಕ್ಕಿದವರ ಕೈಗೆ ಐದೂ ಕೇಂದ್ರ ಕೊಡೋಣ." ಹುಡುಕುವ ಉಪಕರಣಕ್ಕೆ ಆನಿಕೆ ಎಂದೇ ಹೆಸರಿಟ್ಟರು. ಸಿಕ್ಕದವರಿಗೆ ಏನಾಗುತ್ತದೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಅಂಕೇಗೌಡನಿಗೆ ಮಾತ್ರ ಕೇಳಬೇಕೆನ್ನಿಸಿತ್ತು.

---

ಉಪಕರಣ ಮಾಡಿದವಳು ನಸ್ರೀನ್. ರಾಮನಗರದವಳು, ಗೂಡಿನಿಂದ ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಕಂಪನಿಗೆ ಬಂದಿದ್ದಳು. ಮೊಟ್ಟೆ ಕೋಣೆಯ ಪಕ್ಕದ ಸಣ್ಣ ಕೋಣೆಯೇ ಅವಳ ನಿಯಂತ್ರಣ ಕೊಠಡಿ. ಗೋಡೆಯ ಪರದೆಯ ಮೇಲೆ ಇಪ್ಪತ್ತು ಚುಕ್ಕಿಗಳಿದ್ದವು. ಹತ್ತೊಂಬತ್ತು ಕೆಲಸಗಾರರು, ಒಬ್ಬ ಮ್ಯಾನೇಜರ್.

"ನನಗೆ ಅಂಕಿ ಮಾತ್ರ ಗೊತ್ತು ಸರ್. ಯಾವ ಮಣಿ ಯಾರ ಕೊರಳಲ್ಲಿದೆ ಅನ್ನೋದು ನಿಮ್ಮ ಪುಸ್ತಕದಲ್ಲಿದೆ. ಯಾರಿಗೂ ಅವಮಾನ ಆಗಬಾರದು ಅಂತ ಹಾಗೆ ಮಾಡಿದ್ದು."

"ಮಣಿ ಏನು ನೋಡುತ್ತೆ ಅಂತ ಇನ್ನೊಂದು ಸಲ ಹೇಳಮ್ಮ."

"ಕೆಲಸ ಮಾಡೋವಾಗ ಅನುಮಾನ ಬಂದರೆ ಉಸಿರು ಒಂದು ಕ್ಷಣ ನಿಲ್ಲುತ್ತೆ. ಕತ್ತು ಯಾರ ಕಡೆಗೋ ತಿರುಗುತ್ತೆ. ಅಲ್ಲಿ ಏನೋ ಕಂಡಮೇಲೆ ಉಸಿರು ಬಿಟ್ಟು ಕೈ ಮುಂದಕ್ಕೆ ಹೋಗುತ್ತೆ. ಅಷ್ಟೇ ಹಿಡಿಯೋದು. ಮಾತು ಹಿಡಿಯಲ್ಲ. ದಿನಕ್ಕೆ ಸಾವಿರಾರು ಸಲ ಹೀಗಾಗುತ್ತೆ, ಒಂದೊಂದಕ್ಕೂ ಒಂದು ಗೆರೆ." ಅವಳು ಗುಂಡಿ ಒತ್ತಿದಳು. "ನೋಡಿ."

ಗೆರೆಗಳು ಮೂಡಿದವು. ಎಲ್ಲ ಚುಕ್ಕಿಗಳಿಂದಲೂ ಹೊರಟು, ದಪ್ಪವಾಗುತ್ತ, ಒಂದೇ ಚುಕ್ಕಿಗೆ ಹೋಗಿ ಸೇರಿದವು. ಅದರ ಅಂಕಿ ಏಳು.

"ಇಂಥದ್ದು ನಾನು ನೋಡೇ ಇಲ್ಲ ಸರ್. ಈ ಏಳನೇ ಮಣಿ ಬಗ್ಗಿದಾಗ ಎಲ್ಲರೂ ತಡೀತಾರೆ. ಅದು ಮತ್ತೊಂದು ಸಲ ಬಗ್ಗಿ ಎದ್ದ ಕೂಡಲೇ ಎಲ್ಲರ ಉಸಿರೂ ಬಿಡುತ್ತೆ, ಕೆಲಸ ಶುರು. ಏನು ಎತ್ತುತ್ತಾರೋ ಏನು ಇಳಿಸ್ತಾರೋ ಗೊತ್ತಿಲ್ಲ."

ಅಂಕೇಗೌಡನಿಗೆ ಗೊತ್ತಾಯಿತು. ಏಳು ಹೊಂಬಾಳಮ್ಮನ ಮಣಿ.

ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಕಟ್ಟಕಡೆಯದು. ಬಾಗಿಲಲ್ಲಿ ಸುಣ್ಣದ ಪುಡಿಯ ತಟ್ಟೆ ಇಡುವುದು, ಒಳಗೆ ಬರುವವರೆಲ್ಲ ಅದರಲ್ಲಿ ಕಾಲಿಟ್ಟು ಬರುವಂತೆ ನೋಡುವುದು, ಕಸ ಬಳಿಯುವುದು, ಸೊಪ್ಪಿನ ಮನೆಯಿಂದ ಮಂಕರಿ ಹೊತ್ತು ತರುವುದು. ಅಷ್ಟೇ ಅವಳ ಕೆಲಸ. ಆದರೆ ಹುಳದ ಮನೆಗೆ ಒಂದು ಕಟ್ಟಳೆ ಇತ್ತು. ಅದರೊಳಗೆ ಹುಳದ ಮಾತು ಆಡಬಾರದು. ಚೆನ್ನಾಗಿದೆ ಎಂದರೆ ದೃಷ್ಟಿ, ಚೆನ್ನಾಗಿಲ್ಲ ಎಂದರೆ ಅಪಶಕುನ. ಮದುವೆ, ಸೀರೆ, ಅತ್ತೆ, ಯಾವ ಮಾತಾದರೂ ಆಡಬಹುದು, ತಟ್ಟೆಯಲ್ಲಿರುವ ಹುಳದ್ದು ಮಾತ್ರ ಇಲ್ಲ. ಹಾಗಾಗಿ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕಬೇಕೋ ಇನ್ನೂ ತಡೆಯಬೇಕೋ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೊಂಬಾಳಮ್ಮ ತಟ್ಟೆಗಳ ನಡುವೆ ಒಂದು ಸುತ್ತು ಬಂದು ಬಾಗಿಲ ಬಳಿ ಮಂಕರಿ ಇಳಿಸುತ್ತಿದ್ದಳು. ಮಂಕರಿ ನೆಲದ ಮೇಲಿದ್ದರೆ ಎಲ್ಲರೂ ಏನಾದರೊಂದು ಕೆಲಸ ಹಚ್ಚಿಕೊಂಡು ತಡೆಯುತ್ತಿದ್ದರು. ಅವಳದನ್ನು ಸೊಂಟಕ್ಕೆ ಎತ್ತಿಕೊಂಡರೆ ಸೊಪ್ಪಿಗೆ ಕೈ ಹಾಕುತ್ತಿದ್ದರು. ಅಂಕೇಗೌಡ ಹದಿನಾಲ್ಕು ವರ್ಷ ಆ ಮಂಕರಿಯನ್ನು ನೋಡಿದ್ದ, ಅದು ಅಲ್ಲಿ ಏನು ಮಾಡುತ್ತಿತ್ತು ಎಂದು ಮಾತ್ರ ನೋಡಿರಲಿಲ್ಲ.

"ಈ ಒಂದನೇ ಮಣಿಯವರು ಯಾರೋ, ಪಾಪ," ಎಂದಳು ನಸ್ರೀನ್, ಪರದೆಯ ಅಂಚಿನಲ್ಲಿದ್ದ ಒಂಟಿ ಚುಕ್ಕಿಯ ಮೇಲೆ ಬೆರಳಿಟ್ಟು. "ಇವರು ಒಳಗೆ ಬಂದರೆ ಎಲ್ಲರ ಉಸಿರು ನಿಲ್ಲುತ್ತೆ, ಇವರು ಹೋಗೋ ತನಕ ಬಿಡೋದೇ ಇಲ್ಲ. ಆನಿಕೆ ಅಲ್ಲ ಅದು, ಭಯ. ಒಂದು ಗೆರೆಯೂ ಇವರಿಗೆ ಬಂದಿಲ್ಲ. ತಮಾಷೆ ನೋಡಿ, ಇವರಿಂದಲೂ ಒಂದು ಸಣ್ಣ ಗೆರೆ ಏಳಕ್ಕೇ ಹೋಗಿದೆ."

ಒಂದನೇ ಮಣಿ ಅಂಕೇಗೌಡನ ಅಂಗಿಯೊಳಗೆ ಎದೆಗೆ ತಾಗಿಕೊಂಡಿತ್ತು.

"ಏಳು ಯಾರದು ಸರ್? ಇವತ್ತೇ ಅಧ್ಯಕ್ಷರಿಗೆ ತಿಳಿಸಬೇಕು."

ಹೇಳುವುದಕ್ಕೆ ಮೊದಲು ಯೋಚಿಸಿದ್ದರೆ ಅವನು ಹೇಳುತ್ತಿರಲಿಲ್ಲ. ಆಮೇಲೆ ಎಷ್ಟೋ ದಿನ ಅವನು ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಆದರೆ ಅದೂ ಪೂರ್ತಿ ನಿಜವಲ್ಲ. ಒಂದು ಗಳಿಗೆಯ ಯೋಚನೆ ಇತ್ತು. ಹೊಂಬಾಳಮ್ಮನಿಗೆ ಓದು ಬಾರದು, ಐದು ಕೇಂದ್ರ ಕಟ್ಟಿಕೊಂಡು ಅವಳೇನು ಮಾಡುತ್ತಾಳೆ ಎಂಬ ಯೋಚನೆ.

"ಏಳು ನಂದೇ," ಎಂದ.

ನಸ್ರೀನಳ ಮುಖ ಅರಳಿತು. "ನನಗೆ ಅನ್ನಿಸಿತ್ತು ಸರ್! ಒಂದು?"

"ಸುಣ್ಣದ ತಟ್ಟೆ ನೋಡ್ಕೊಳ್ಳೋ ಹೆಂಗಸು. ವಯಸ್ಸಾಗಿದೆ."

"ಓ, ಗದರಿಸ್ತಾರೇನೋ," ಎಂದು ಅವಳು ಬರೆದುಕೊಂಡಳು.

ಮರುದಿನ ಬೆಳಿಗ್ಗೆ, ಒರೆಸಬೇಕೆಂದು ಹೇಳಿ, ಅಂಕೇಗೌಡ ಎಲ್ಲರ ಮಣಿಗಳನ್ನೂ ಈಸಿಕೊಂಡ. ಏಳನೆಯದರ ತೂತಿನಲ್ಲಿ ಸುಣ್ಣ ಕಚ್ಚಿಕೊಂಡಿತ್ತು. ಸ್ಪಿರಿಟ್ ಹಾಕಿ ಉಜ್ಜಿದರೂ ಹೋಗಲಿಲ್ಲ. ಅದನ್ನು ತಾನು ಕಟ್ಟಿಕೊಂಡು, ತನ್ನದನ್ನು ಹುಳದ ಮನೆಯಲ್ಲಿ ಹೊಂಬಾಳಮ್ಮನಿಗೆ ಕೊಟ್ಟ. ಅವಳು ಅಂಗೈಯಲ್ಲಿ ಇಟ್ಟುಕೊಂಡು ಮಣಿಯನ್ನು ನೋಡಿದಳು, ಅವನನ್ನು ನೋಡಿದಳು. ಕೊರಳಿಗೆ ಹಾಕಿಕೊಂಡಳು.

---

"ಐದೂ ಕೇಂದ್ರಕ್ಕಾ?" ಎಂದಳು ಹೆಂಡತಿ ಚೆಲುವಿ. ಹಿತ್ತಲಲ್ಲಿ ಅವಳದೇ ಒಂದು ಹುಳದ ಮನೆ ಇತ್ತು. ಕೇಂದ್ರದಿಂದ ಬರುವ ಮರಿಗಳಿಗೆ ಅದನ್ನು ತೊಳೆದು, ತಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. "ಯಂತ್ರ ಏನು ನೋಡಿ ಹೇಳ್ತಂತೆ?"

"ಎಲ್ಲರೂ ನನ್ನ ನೋಡಿ ಕೆಲಸ ಮಾಡ್ತಾರಂತೆ."

ಚೆಲುವಿ ನಕ್ಕುಬಿಟ್ಟಳು. "ನಿಮ್ಮನ್ನಾ? ನೀವು ಬಂದ್ರೆ ನಮ್ಮನೆ ಕೋಳಿನೂ ಮೇಯೋದು ಬಿಟ್ಟು ನಿಂತ್ಕತ್ತವೆ." ಅವನ ಮುಖ ನೋಡಿ ನಗು ತಡೆದುಕೊಂಡಳು. "ತಮಾಷೆಗಂದೆ. ಹದ್ನಾಲ್ಕು ವರ್ಷ ದುಡಿದಿದ್ದೀರಿ, ಸಿಕ್ಕಬೇಕಾದ್ದೇ." ಆ ದಿನ ಅವಳು ಅವರೆಕಾಳು ಹಿಸುಕಿ ಸಾರು ಮಾಡಿದಳು. ಅವನಿಗೆ ರುಚಿ ಹತ್ತಲಿಲ್ಲ.

ಕೇಂದ್ರದಲ್ಲಿ ಹೊಂಬಾಳಮ್ಮ ದಿನವೂ ಎದುರಿಗೇ ಇದ್ದಳು. ಅವಳು ಮಂಕರಿ ಇಳಿಸಿದಾಗ, ಎತ್ತಿದಾಗ, ಇವನ ಕೊರಳಿನ ಮಣಿ ಭಾರವಾದಂತೆ ಆಗುತ್ತಿತ್ತು. ಪರದೆಯ ಗೆರೆಗಳು ಈಗ ಒಂದನೇ ಅಂಕಿಯ ಕಡೆಗೆ ಸರಿಯುತ್ತವಲ್ಲ, ನಸ್ರೀನ್ ಇವತ್ತಲ್ಲ ನಾಳೆ ಕೇಳುತ್ತಾಳೆ ಎಂಬ ಹೆದರಿಕೆಯೂ ಇತ್ತು. ಮೂರನೆಯ ದಿನವೇ ಅವನು ಹೊಂಬಾಳಮ್ಮನನ್ನು ಸೊಪ್ಪಿನ ಮನೆಗೆ ಮೇಸ್ತ್ರಿ ಮಾಡಿದ. ದಿನಗೂಲಿ ಹೋಗಿ ತಿಂಗಳ ಸಂಬಳ. ಕೂರಲು ಒಂದು ಕುರ್ಚಿ, ತಲೆಯ ಮೇಲೆ ಫ್ಯಾನು. ಹುಳದ ಮನೆಗೆ ಸೊಪ್ಪು ಸಾಗಿಸಲು ಗಾಲಿಗಾಡಿ ಬಂತು. ಮಂಕರಿಯ ಕೆಲಸ ಮುಗಿಯಿತು.

"ಗೌಡ್ರು ಮನ್ಸತ್ವ ಇರೋರು ಕಣವ್ವ," ಎಂದು ಹೆಂಗಸರು ಆಡಿಕೊಂಡರು. "ಸುಣ್ಣದ ದೂಳು ಕುಡ್ದು ಕುಡ್ದು ಮುದ್ಕಿ ಎದೆ ಕಟ್ಟಿತ್ತು, ಕುರ್ಚಿ ಹಾಕ್ಕೊಟ್ರು."

ಆ ಮಾತು ಕಿವಿಗೆ ಬಿದ್ದಾಗ ಅಂಕೇಗೌಡ ಬೇರೆ ದಾರಿ ಹಿಡಿದು ಹೋಗುತ್ತಿದ್ದ.

ಒಂದು ಸಲ ಮಾತ್ರ ಸೊಪ್ಪಿನ ಮನೆಯ ಮುಂದೆ ಹಾದುಹೋಗುವಾಗ ಅವಳು ಕುರ್ಚಿಯ ಮೇಲೆ ಸೊಪ್ಪಿನ ಗೋಣಿ ಇಟ್ಟು, ತಾನು ನೆಲದ ಮೇಲೆ ಕುಳಿತಿರುವುದು ಕಂಡಿತು. "ಯಾಕಕ್ಕ, ಕುರ್ಚಿ ಸರಿಯಿಲ್ಲವಾ?" ಎಂದ.

"ಚೆನ್ನಾಗೈತೆ ಬುಡಪ್ಪ. ಅದ್ರ ಮ್ಯಾಲೆ ಕೂತ್ರೆ ಯಾರ್ದೋ ಮನೇಲಿ ಕೂತಂಗಾಯ್ತದೆ," ಎಂದಳು.

---

ಉಳಿದ ನಾಲ್ಕು ಕೇಂದ್ರಗಳಿಗೂ ಮಣಿ ಹಂಚಿ ಆನಿಕೆಯ ಎರಡನೆಯ ಹಂತ ಶುರುವಾಯಿತು. ಈಗ ಮಣಿ ನೋಡುವುದಷ್ಟೇ ಅಲ್ಲ, ಹೇಳುತ್ತಲೂ ಇತ್ತು. ಏಳನೇ ಮಣಿಯವರ ಉಸಿರು ಬಿಗಿಯಾದರೆ ಐದೂ ಕೇಂದ್ರದವರ ಕೊರಳಲ್ಲಿ ಮಣಿ ತಣ್ಣಗಾಗುತ್ತದೆ: ತಡೆಯಿರಿ. ಉಸಿರು ಬಿಟ್ಟು ಮೈ ನಿರಾಳವಾದರೆ ಬೆಚ್ಚಗಾಗುತ್ತದೆ: ನಡೆಯಲಿ. "ಒಬ್ಬರಲ್ಲಿರೋ ಅಂದಾಜು ನೂರು ಜನಕ್ಕೆ ಸಿಗುತ್ತೆ ಸರ್, ಮೀಟಿಂಗೂ ಬೇಡ, ಸುತ್ತೋಲೆಯೂ ಬೇಡ," ಎಂದಿದ್ದಳು ನಸ್ರೀನ್. ಐದೂ ಕಡೆ ಮೊಟ್ಟೆ ಒಡೆದದ್ದು ಒಂದೇ ದಿನ. ಹುಳಗಳ ವಯಸ್ಸೂ ಒಂದೇ.

ಎರಡನೇ ಜ್ವರ ಏಳುವ ಬೆಳಿಗ್ಗೆ ಚಳಿ ಹೆಚ್ಚಿತ್ತು. ಹುಳದ ಮನೆಯಲ್ಲಿ ಕಾವು ಕೊಡುವ ಹೀಟರ್‌ಗಳಿದ್ದರೂ ಗೋಡೆಯ ಬದಿಯ ತಟ್ಟೆಗಳು ತಣ್ಣಗಿದ್ದವು. ನಡುವಿನ ತಟ್ಟೆಗಳಲ್ಲಿ ಹುಳ ಎದ್ದು ಹರಿದಾಡುತ್ತಿದ್ದವು. ಗೋಡೆ ಬದಿಯಲ್ಲಿ ಇನ್ನೂ ಎಷ್ಟೋ ಹುಳ ತಲೆ ಎತ್ತಿಕೊಂಡು, ಅಲುಗದೆ, ಜ್ವರದಲ್ಲೇ ಇದ್ದವು. ಈಗ ಸೊಪ್ಪು ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನಡಿ ಹೂತು ಸೊರಗುತ್ತವೆ. ಒಂದು ಸಲ ಗುಂಪು ಒಡೆದರೆ ಮತ್ತೆ ಸಮವಾಗುವುದಿಲ್ಲ.

ಹೆಂಗಸರು ಗಾಲಿಗಾಡಿಯ ಸುತ್ತ ನಿಂತಿದ್ದರು. 

ಅಂಕೇಗೌಡ ಗೋಡೆ ಬದಿಯ ತಟ್ಟೆ ಎಳೆದು ನೋಡಿದ. ಉಸಿರು ನಿಂತಿತು. ಅವನು ತಿರುಗಿಸದೆಯೇ ಕತ್ತು ಬಾಗಿಲ ಕಡೆಗೆ ತಿರುಗಿತು. ಅಲ್ಲಿ ಸುಣ್ಣದ ತಟ್ಟೆ ಇತ್ತು. ಅದರ ಪಕ್ಕದ ನೆಲ ಬರಿದಾಗಿತ್ತು. ಏನನ್ನು ನೋಡಲು ತಿರುಗಿದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಗಡಿಯಾರದ ಮೇಲೆ ಕಣ್ಣು ಹೋಯಿತು. ಪುಸ್ತಕದ ಪ್ರಕಾರ ಎರಡನೇ ಜ್ವರಕ್ಕೆ ಇಪ್ಪತ್ತನಾಲ್ಕು ಗಂಟೆ. ಅದು ಮುಗಿದು ಇಪ್ಪತ್ತು ನಿಮಿಷ ಆಗಿತ್ತು. ಹೊರಗೆ ಅಧ್ಯಕ್ಷರ ಜೀಪಿನ ಹಾರನ್ ಕೇಳಿಸಿತು. ಅವರು ಹೊಸ ವಿಧಾನ ನೋಡಲು ಬಂದಿದ್ದರು. ಪುಸ್ತಕ ಇದೆಯಲ್ಲ ಎಂದು ಅವನಿಗೆ ಸಮಾಧಾನವಾಯಿತು. ಉಸಿರು ಹೊರಬಿತ್ತು.

ಅದೇ ಗಳಿಗೆಗೆ ಅಲ್ಲಿದ್ದ ಎಲ್ಲರ ಕೊರಳಿನ ಮಣಿಯೂ ಬೆಚ್ಚಗಾಯಿತು. ಬೇರೆ ನಾಲ್ಕು ಊರುಗಳಲ್ಲಿ ಇನ್ನೂ ಎಂಬತ್ತು ಕೊರಳುಗಳಲ್ಲಿ ಬೆಚ್ಚಗಾಯಿತು.

ಮರಿದೇವಿ ಒಂದು ಹಿಡಿ ಸೊಪ್ಪು ತೆಗೆದುಕೊಂಡಳು. ತಟ್ಟೆ ನೋಡಿದಳು. ಅಂಕೇಗೌಡನನ್ನು ನೋಡಿ ಬಾಯಿ ತೆರೆದಳು, ಮುಚ್ಚಿದಳು. ಹೊರಗೆ ಬದುವಿನ ಮೇಲಾಗಿದ್ದರೆ ಅವಳ ಬಾಯನ್ನು ಯಾರೂ ಕಟ್ಟುವ ಹಾಗಿರಲಿಲ್ಲ. ಒಳಗೆ ಆಡುವಂತಿರಲಿಲ್ಲ. ಸೊಪ್ಪು ಉದುರಿಸಿದಳು. ಅವಳನ್ನು ನೋಡಿ ಉಳಿದವರೂ ಉದುರಿಸಿದರು.

"ಒಬ್ಬರ ಉಸಿರಿಗೆ ಐದು ಕೇಂದ್ರ!" ಎಂದು ಅಧ್ಯಕ್ಷರು ಅಂಕೇಗೌಡನ ಬೆನ್ನು ತಟ್ಟಿದರು. "ಇದಪ್ಪಾ ಯಜಮಾನಿಕೆ ಅಂದರೆ!"

ಮರುದಿನ ಆರುನೂರ ಹನ್ನೆರಡು ಮನೆಗಳಿಗೆ ಹುಳ ಹೋದವು. ಒಂದು ಮನೆ ಅಂಕೇಗೌಡನದು.

---

ಹುಳ ಬಂದ ಹದಿನೈದನೆಯ ದಿನ ಚೆಲುವಿ ಹುಳದ ಮನೆಯಿಂದ ಹೊರಗೆ ಬಂದು, ಹಿತ್ತಲಿನ ನೀರಿನ ಕಲ್ಲುಬಾನಿಯ ಹತ್ತಿರ ನಿಂತು ಗಂಡನನ್ನು ಕರೆದಳು. ಹುಳದ ಮಾತು ಆಡುವುದಕ್ಕೆಂದೇ ಅಷ್ಟು ದೂರ ಬಂದಿದ್ದಳು.

"ಒಂದು ಏಳ್ತದೆ, ಒಂದು ಮಲಗ್ತದೆ. ಒಂದೇ ತಟ್ಟೇಲಿ ಬೆರಳುದ್ದದ್ದೂ ಐತೆ, ಭತ್ತದಷ್ಟದ್ದೂ ಐತೆ. ಇವತ್ತು ಬೆಳಿಗ್ಗೆಯಿಂದ ಮೇವು ಬಿಟ್ಟವೆ. ಮುಟ್ಟಿದ್ರೆ ಮೆತ್ತಗೆ." ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಮೂವತ್ತು ವರ್ಷದಿಂದ ಹುಳ ಮೇಯಿಸ್ತಾ ಇದ್ದೀನಿ. ಹಿಂಗೆ ಗುಂಪು ಒಡೆದದ್ದು ನೋಡಿಲ್ಲ. ಏನೂಂದ್ರೆ, ಕೇಂದ್ರದಲ್ಲಿ ಏನಾಯ್ತು?"

"ಚಳಿ," ಎಂದ ಅಂಕೇಗೌಡ.

"ಚಳಿ ಪ್ರತಿ ವರ್ಷ ಬರ್ತದೆ," ಎಂದು ಅವಳು ಒಳಗೆ ಹೋದಳು.

ಎಲ್ಲ ಊರುಗಳಿಂದಲೂ ಅದೇ ಸುದ್ದಿ. ಗೂಡು ಕಟ್ಟುವ ಹೊತ್ತಿಗೆ ಹುಳ ಕಪ್ಪಾಗಿ, ನೀರಾಗಿ, ತಟ್ಟೆಗೆ ಅಂಟಿಕೊಂಡು ಸತ್ತವು. ಊರ ಹೊರಗೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿದರು. ರಸ್ತೆಯಲ್ಲಿ ಹೋದರೆ ಆ ವಾಸನೆ ಮೈಲಿಗಟ್ಟಲೆ ಹಿಂದೆ ಬರುತ್ತಿತ್ತು. ದಾರಿಯಲ್ಲಿ ಸಿಕ್ಕವರು ಅಂಕೇಗೌಡನಿಗೆ ಕೈ ಮುಗಿಯುವುದನ್ನು ಬಿಟ್ಟಿರಲಿಲ್ಲ. ಅದೇ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಕಂಪನಿ ಮೂವರ ಸಮಿತಿ ಮಾಡಿತು. ಉಪಕರಣ ಸರಿಯಾಗಿ ಕೆಲಸ ಮಾಡಿದೆ, ಏಳನೇ ಮಣಿಯವರ ತೀರ್ಮಾನ ಪುಸ್ತಕದ ಪ್ರಕಾರವೇ ಇದೆ, ಆದ್ದರಿಂದ ತಪ್ಪು ಸೊಪ್ಪಿನದೇ ಇರಬೇಕು ಎಂದು ಸಮಿತಿಗೆ ತೋರಿತು. ಇಬ್ಬನಿಯ ದಿನಗಳಲ್ಲಿ ಒದ್ದೆ ಸೊಪ್ಪು ಬಂದಿರಬಹುದು. ಸೊಪ್ಪಿನ ಮನೆಗೆ ಹೊಸದಾಗಿ ಮೇಸ್ತ್ರಿಯಾದವಳು ಓದುಬರಹ ಇಲ್ಲದವಳು. ಆನಿಕೆಯ ಮೊದಲ ಪಟದಲ್ಲೂ ಅವಳದು ಒಂದೇ ಒಂದು ಗೆರೆ ಬಾರದ ಚುಕ್ಕಿ. ಹೊಂಬಾಳಮ್ಮನನ್ನು ಕೆಲಸದಿಂದ ತೆಗೆಯುವ ಕಾಗದ ತಯಾರಾಗಿ ಅಂಕೇಗೌಡನ ಸಹಿಗೆ ಬಂತು.

ಎರಡು ದಿನ ಅದು ಅವನ ಜೇಬಿನಲ್ಲಿತ್ತು. ಉಣ್ಣಲು ಕುಳಿತರೆ ಮಡಿಕೆ ತೊಡೆಗೆ ಚುಚ್ಚುತ್ತಿತ್ತು. ಮೂರನೆಯ ದಿನ ನಸ್ರೀನ್ ಕರೆದಳು.

ಪರದೆಯ ಮೇಲೆ ಎರಡನೇ ಜ್ವರದ ಆ ಬೆಳಗಿನ ಗೆರೆಗಳಿದ್ದವು. "ಒಂದು ಅರ್ಥ ಆಗ್ತಿಲ್ಲ ಸರ್," ಎಂದಳು. ಅವಳ ಕಣ್ಣು ಕೆಂಪಾಗಿತ್ತು. ನಾಲ್ಕು ದಿನದಿಂದ ಲೆಕ್ಕ ಕೆದಕುತ್ತಿದ್ದಳು. "ಉಸಿರು ನಿಂತಾಗ ನೀವು ಮೊದಲು ಬಾಗಿಲ ಕಡೆ ತಿರುಗಿದ್ದೀರಿ. ಎರಡು ಕ್ಷಣ. ಅಲ್ಲಿ ಯಾವ ಮಣಿಯೂ ಇರಲಿಲ್ಲ. ಏಳು ಯಾರನ್ನೂ ಆನೋದಿಲ್ಲ, ಎಲ್ಲರೂ ಏಳನ್ನೇ ಆನೋದು. ಅಲ್ಲಿ ಏನಿತ್ತು ಸರ್?"

"ಏನೂ ಇರಲಿಲ್ಲ," ಎಂದ ಅಂಕೇಗೌಡ. "ಮಂಕರಿ ಇರಬೇಕಿತ್ತು."

ಆಮೇಲೆ ಎಲ್ಲ ಹೇಳಿದ. ನಿಧಾನವಾಗಿ, ಸುಣ್ಣ ಕಚ್ಚಿದ ಮಣಿಯನ್ನು ಮೇಜಿನ ಮೇಲಿಟ್ಟು ಹೇಳಿದ. ನಸ್ರೀನ್ ಬಯ್ಯಲಿಲ್ಲ. ಮಣಿಯ ತೂತಿನ ಸುಣ್ಣವನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಆ ಅಮ್ಮನ್ನ ಕಂಡಾಗೆಲ್ಲ ನಾನು ದೂರದಿಂದ ಹೋಗ್ತಿದ್ದೆ ಸರ್," ಎಂದಳು. "ಗದರಿಸ್ತಾರೆ ಅಂದುಕೊಂಡು. ಒಂದು ದಿನ ಅವರು ಕಡಲೆಕಾಯಿ ಕೊಡೋಕೆ ಕೈ ಚಾಚಿದರು. ನಾನು ತಗೊಳ್ಳಲಿಲ್ಲ."

ಇಬ್ಬರೂ ಸೇರಿ ನಡೆದದ್ದನ್ನು ನಡೆದ ಹಾಗೆ ಬರೆದರು. ಅಂಕೇಗೌಡ ಸಹಿ ಹಾಕಿದ. ಅಧ್ಯಕ್ಷರಿಗೆ ಕಳಿಸಿದ ಮೇಲೆ ಮಣಿಯನ್ನು ಎತ್ತಿಕೊಂಡು ಸೊಪ್ಪಿನ ಮನೆಗೆ ನಡೆದ.

---

ಹೊಂಬಾಳಮ್ಮ ಎಳೆಸೊಪ್ಪನ್ನು ಬಲಿತದ್ದರಿಂದ ಬೇರೆ ಮಾಡುತ್ತಿದ್ದಳು. ಎದುರಿನ ಖಾಲಿ ಕುರ್ಚಿಯಲ್ಲಿ ಅವನು ಕೂರಲಿಲ್ಲ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಮಣಿಯನ್ನು ಅವಳ ಮುಂದಿಟ್ಟ.

"ಇದು ನಿಂದು ಹೊಂಬಾಳಕ್ಕ."

"ಗೊತ್ತು," ಎಂದಳು ಅವಳು, ಕೈಕೆಲಸ ಬಿಡದೆ. "ನನ್ ಮಣೀಗೆ ಸುಣ್ಣ ಅತ್ತಿತ್ತು. ನೀವ್ ಕೊಟ್ಟಿದ್ದು ತೊಳ್ದಂಗಿತ್ತು."

"ಅವತ್ತೇ ಗೊತ್ತಿತ್ತಾ? ಕೇಳಬಾರದಿತ್ತಾ?"

"ಉಳದ್ ಮನೇಲಿ ಕೊಟ್ರಿ. ಮಣಿ ಮಾತು ಎತ್ತುದ್ರೆ ಉಳದ್ ಮಾತೂ ಬತ್ತದೆ, ಅಲ್ಲಿ ಅಂಥ ಮಾತು ಆ‍ಡಾಕಾಯ್ತದಾ? ಆಚೆಗ್ ಬಂದ್ಮೇಲೆ, ಓಗ್ಲಿ ಬುಡು, ಓದ್ಕಂಡಿರೋನು, ಅವನ್ಗೆ ಏನೋ ಬೇಕಿತ್ತೇನೋ ಅನ್ಕಂಡೆ. ಮಣಿ ತಾನೆ." ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟಳು. "ಮಂಕ್ರಿ ಕಿತ್ಕತೀರ ಅಂತ ಅನ್ಕಂಡಿರ್ಲಿಲ್ಲ."

ಅವನು ಸಮಿತಿಯ ಕಾಗದದ ವಿಷಯ ಹೇಳಿದ, ಅದಕ್ಕೆ ಸಹಿ ಹಾಕಲಿಲ್ಲ ಎಂದು ಹೇಳಿದ, ನಿಜ ಬರೆದು ಕಳಿಸಿದ್ದೇನೆ ಎಂದು ಹೇಳಿದ. ತಪ್ಪಾಯಿತು ಎಂದ. ಅವಳು ಸೊಪ್ಪು ಆರಿಸುತ್ತಲೇ ಇದ್ದಳು.

"ನಂಗೇನ್ ಕಳೀತಪ್ಪ? ಕುರ್ಚಿ ಕೊಟ್ರಿ, ಫ್ಯಾನ್ ಕೊಟ್ರಿ. ಉಳ ಕಳಕಂಡೋರು ಬ್ಯಾರೆ ಅವ್ರೆ. ನೀವು ನಂಗೆ ಕೊಡ್ಬೇಕಾದ್ದು ಏನೂ ಇಲ್ಲ." ಅವಳು ಎದ್ದು, ಮೂಲೆಯಲ್ಲಿ ಬೋರಲು ಹಾಕಿದ್ದ ಹಳೆಯ ಮಂಕರಿ ತೆಗೆದು, ಎಳೆಸೊಪ್ಪು ತುಂಬಿದಳು. ಮಣಿ ನೆಲದ ಮೇಲೇ ಉಳಿಯಿತು. "ಬನ್ನಿ."

ಹುಳದ ಮನೆಯಲ್ಲಿ ಹೊಸ ಮೊಟ್ಟೆಯ ಮರಿಗಳು ಮೊದಲ ಜ್ವರದಲ್ಲಿದ್ದವು. ಹೆಂಗಸರು ಗಾಲಿಗಾಡಿಯ ಸುತ್ತ ನಿಂತಿದ್ದರು. ಹೊಂಬಾಳಮ್ಮ ಸುಣ್ಣದ ತಟ್ಟೆಯಲ್ಲಿ ಕಾಲಿಟ್ಟು ಒಳಗೆ ಬಂದು, ತಟ್ಟೆಗಳ ನಡುವೆ ಒಂದು ಸುತ್ತು ನಡೆದು, ಬಾಗಿಲ ಬಳಿ ಮಂಕರಿ ಇಳಿಸಿದಳು. ತಿಂಗಳಿನಿಂದ ಖಾಲಿಯಿದ್ದ ಜಾಗ ಅದು. ನಂತರ ಅಂಕೇಗೌಡನ ಮುಖ ನೋಡಿದಳು.

ತನ್ನಿಂದ ಅವಳೇನು ಕೇಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. 

"ಹೋದ ಸಲದ ಹುಳ ಚೆನ್ನಾಗಿರಲಿಲ್ಲ," ಎಂದ ಗಟ್ಟಿಯಾಗಿ. ಇಬ್ಬರು ಹೆಂಗಸರು ಬೆಚ್ಚಿ ಕಿವಿ ಮುಚ್ಚಿಕೊಂಡರು. ಆ ಮನೆಯೊಳಗೆ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. "ಜ್ವರ ಎದ್ದಿರಲಿಲ್ಲ. ನಿಮಗೆಲ್ಲ ಗೊತ್ತಿತ್ತು. ನಾನು ಗಡಿಯಾರ ನೋಡಿದೆ. ಏಳನೇ ಮಣಿ ಹೊಂಬಾಳಕ್ಕನದು. ನಾನು ಕದ್ದು ಕಟ್ಟಿಕೊಂಡಿದ್ದೆ. ಸೊಪ್ಪಿನ ತಪ್ಪಲ್ಲ. ನಂದು."

 ಮರಿದೇವಿಯ ಕಣ್ಣು ಅವನ ಮೇಲೆ ಒಂದು ಗಳಿಗೆ ನಿಂತು, ನೆಲದ ಮೇಲಿನ ಮಂಕರಿಗೆ ಹೋಯಿತು. ಎಲ್ಲರ ಕಣ್ಣೂ ಅಲ್ಲಿಗೇ ಹೋದವು. ಮಂಕರಿ ನೆಲದ ಮೇಲೇ ಇತ್ತು. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಅಂಕೇಗೌಡನೂ ಅವರ ಜೊತೆ ನಿಂತಿದ್ದ. ಹೊಂಬಾಳಮ್ಮ ಮತ್ತೊಂದು ಸುತ್ತು ಹೋಗಿ ಬಂದು, ಬಗ್ಗಿ, ಮಂಕರಿಯನ್ನು ಸೊಂಟಕ್ಕೆ ಎತ್ತಿಕೊಂಡಾಗ ತಾನು ಅಲ್ಲಿಯ ತನಕ ಉಸಿರು ಬಿಗಿ ಹಿಡಿದಿದ್ದೆ ಎಂದು ಅವನಿಗೆ ಗೊತ್ತಾಯಿತು.

ಅವನು ಹೊರಗೆ ಹೊರಟಾಗ ಅವಳು ಬಾಗಿಲ ತನಕ ಬಂದಳು.

"ಇಲ್ಲೀದು ಆಯ್ತು," ಎಂದಳು. "ಇನ್ನು ಮನೆಗಳವೆ. ಚಳೀಗೋಯ್ತು, ನಮ್ ಕೈ ಕೆಟ್ಟದಾಗಿತ್ತು, ಮನೇಲಿ ಮೈಲಿಗೆ ಆಗಿತ್ತು ಅಂತ ಒಬ್ಬೊಬ್ರು ಒಂದೊಂದು ಅನ್ಕಂಡು ಕೊರಗ್ತಾ ಕೂತವ್ರೆ. ಓಗಿ ಯೋಳಿ. ಕಾಗ್ದ ಕಳಿಸ್ಬ್ಯಾಡಿ."

---

ಮೊದಲ ಮನೆ ಅವನದೇ. ಚೆಲುವಿ ಹಿತ್ತಲಿನಲ್ಲಿ ಗುಂಡಿಯ ಪಕ್ಕ ನಿಂತಿದ್ದಳು. ಕೊನೆಯ ತಟ್ಟೆಗಳನ್ನು ಕೆರೆದು ಗುಂಡಿಗೆ ಹಾಕಿ, ಮೇಲೆ ಸುಣ್ಣ ಚೆಲ್ಲುತ್ತಿದ್ದಳು. ಮೂರು ದಿನದಿಂದ ತಲೆಗೆ ನೀರು ಹಾಕಿಕೊಂಡಿರಲಿಲ್ಲ. ತಾನು ಮುಟ್ಟಾದ ದಿನ ಹುಳದ ಮನೆಗೆ ಕಾಲಿಟ್ಟಿದ್ದರಿಂದ ಹೀಗಾಯಿತೇನೋ ಎಂದು ಹಿಂದಿನ ದಿನ ತನ್ನಷ್ಟಕ್ಕೆ ಅಂದುಕೊಂಡದ್ದು ಅವನಿಗೆ ಕೇಳಿಸಿತ್ತು. ಕೇಳಿಸಿಯೂ ಸುಮ್ಮನಿದ್ದ.

ಹೇಳಿದ. ಮಣಿಯಿಂದ ಹಿಡಿದು ಗಡಿಯಾರದ ತನಕ. ಅವಳು ಅವನ ಕಡೆ ತಿರುಗದೆ ಕೇಳಿದಳು. ಹೇಳಿ ಮುಗಿದ ಮೇಲೂ ಸುಣ್ಣ ಚೆಲ್ಲುತ್ತಲೇ ಇದ್ದಳು. ಕಪ್ಪೆಲ್ಲ ಮುಚ್ಚಿ ಬೆಳ್ಳಗಾದ ಮೇಲೂ ಚೆಲ್ಲಿದಳು.

"ಅವತ್ತು ಚಳಿ ಅಂದ್ರಿ," ಎಂದಳು.

"ಹೂಂ."

"ಇನ್ನೆಷ್ಟು ಮನೆ ಐತೆ?"

"ಆರುನೂರ ಹನ್ನೊಂದು."

ಅವಳು ಸಲಿಕೆಯನ್ನು ಗೋಡೆಗೆ ಒರಗಿಸಿದಳು. ಒಂದು ಹಳೆಯ ತಟ್ಟೆಗೆ ಸುಣ್ಣದ ಪುಡಿ ಸುರಿದು ತಂದು ಹಿತ್ತಲ ಬಾಗಿಲಲ್ಲಿ, ಅವನು ದಾಟಬೇಕಾದ ಕಡೆ ಇಟ್ಟಳು.

"ಕಾಲು ಅದ್ದಿ ಹೋಗಿ," ಎಂದಳು. "ಇಲ್ಲಿ ರೋಗ ಇನ್ನೊಂದು ಮನೆಗೆ ಹೊತ್ಕೊಂಡು ಹೋಗ್ಬೇಡಿ."

ಅಂಕೇಗೌಡ ಚಪ್ಪಲಿ ಬಿಟ್ಟು ಒಂದೊಂದೇ ಕಾಲನ್ನು ಸುಣ್ಣದಲ್ಲಿಟ್ಟು ತೆಗೆದ. ಪಕ್ಕದ ಮನೆಯ ಅಂಗಳದಲ್ಲೂ ಯಾರೋ ಗುಂಡಿ ಮುಚ್ಚುತ್ತಿದ್ದ ಸದ್ದು ಕೇಳುತ್ತಿತ್ತು. ಅವನು ಆ ಕಡೆಗೆ ನಡೆದ.